‘ಪರಿಹಾರ ಬಂತಲ್ಲ’ ಅಂದರು

ನನ್ನ ಬಲಗಾಲಿನ ಮೇಲೆ ಕಂಬ ಬಿದ್ದದ್ದು 2019ರ ಆಗಸ್ಟ್ 9ರಂದು. ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಊರಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ. ನನ್ನ ಹೆಂಡತಿ ದೀಪದ ಬೆಳಕಲ್ಲೇ ಕಲಶ ಕೂರಿಸಿದ್ದಳು. ನಾನು ನಿಂತುಕೊಂಡೇ ಒಂದು ಲೋಟ ಕಾಫಿ ಕುಡಿದು ಹೊರಟೆ. ಲೈನ್‌ಮನ್ ಮನೆಯಲ್ಲಿ ಮಳೆಗಾಲದ ಹಬ್ಬ ಅಂದ್ರೆ ಅಷ್ಟೇ.

ಆ ವಾರದ ಮಳೆ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಚಾರ್ಮಾಡಿ ಘಾಟಿ ರಸ್ತೆ ಕುಸಿದು ಬಂದ್ ಆಗಿತ್ತು. ಕೊಡಗಿನ ತೋರ ಗ್ರಾಮದಲ್ಲಿ ಗುಡ್ಡ ಮನೆಗಳ ಮೇಲೆ ಬಿತ್ತು. ಅತ್ತ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ನೀರಲ್ಲಿತ್ತು. ನಮ್ಮ ಸೆಕ್ಷನ್ನಿನಲ್ಲಿ ಎಷ್ಟು ಕಂಬ ಮಲಗಿವೆ ಅಂತ ಲೆಕ್ಕ ಹಾಕುವುದನ್ನೂ ಬಿಟ್ಟಿದ್ದೆವು. ಎಲ್ಲಿ ಹೋಗಲು ಸಾಧ್ಯವೋ ಅಲ್ಲಿ ಹೋಗುವುದು, ಆದಷ್ಟು ಮಾಡುವುದು.

ಬೆಳಗ್ಗೆ ಎಂಟಕ್ಕೆ ನಮ್ಮ ಸೆಕ್ಷನ್ ಆಫೀಸರ್ (ಎಸ್‌ಒ) ಸಾಹೇಬರ ವಾಟ್ಸಾಪ್ ಮೆಸೇಜ್ ಬಂತು. ಮೇಲಿನ ಊರುಗಳಿಗೆ ಕರೆಂಟ್ ಒಯ್ಯುವ ಫೀಡರ್ ಲೈನ್ ಇವತ್ತೇ ಆಗಬೇಕು, ಅಲ್ಲಿ ಗಂಜಿ ಕೇಂದ್ರ ತೆರೆದಿದ್ದಾರೆ, ನೀರಿನ ಮೋಟಾರ್ ಓಡುತ್ತಿಲ್ಲ ಅಂತ. ನಾನು ಮತ್ತು ಗುತ್ತಿಗೆದಾರರ ಕಡೆಯ ಒಬ್ಬ ಹುಡುಗ, ಇಬ್ಬರೇ ಹೋದೆವು. ಕೆಳಗೆ ಮೂರು ಕಂಬ ಬಿದ್ದಿದ್ದವು. ಡಿಪಿ, ಅಂದರೆ ಜೋಡಿ ಕಂಬದ ಹತ್ತಿರ ಜಂಪ್ (ಎರಡು ಕಡೆಯ ಲೈನ್ ಜೋಡಿಸುವ ತಂತಿ ತುಂಡು) ಕತ್ತರಿಸಿ ಆ ಭಾಗವನ್ನು ಬೇರೆ ಮಾಡಿದರೆ ಮೇಲಿನವರಿಗೆ ಲೈನ್ ಕೊಡಬಹುದಿತ್ತು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಂಡೆ, ಅಂದರೆ ಲೈನ್ ಕ್ಲಿಯರ್, ಕರೆಂಟ್ ತೆಗೆದಿದ್ದೇವೆ ಕೆಲಸ ಮಾಡಿ ಅನ್ನುವ ಅನುಮತಿ. ನೆಟ್‌ವರ್ಕ್ ಸಿಗಲಿಲ್ಲ ಅಂತ ಹುಡುಗ ದಿಬ್ಬದ ಮೇಲೆ ಓಡಿ ಹೋಗಿ, ಫೋನನ್ನು ಎತ್ತಿ ಹಿಡಿದು, ಸ್ಪೀಕರ್ ಹಾಕಿದ್ದ. ನಾನು ಕೆಳಗಿಂದ ಕಿರುಚಿ ಹೆಸರು ಹೇಳಿದೆ. ಅರ್ಥಿಂಗ್ ಮಾಡಿದೆವು, ಹತ್ತಿದೆ, ಜಂಪ್ ಕತ್ತರಿಸಿದೆ, ಇಳಿದೆ. ಬೆಲ್ಟ್ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದೆ.

ಸದ್ದು ಮೊದಲು ಬರಲಿಲ್ಲ, ವಾಸನೆ ಬಂತು. ಹಸಿ ಮಣ್ಣು, ಕಿತ್ತ ಬೇರಿನ ವಾಸನೆ. ಹುಡುಗ ‘ಅಣ್ಣಾ, ಓಡಿ’ ಅಂದ. ನಾಲ್ಕು ಹೆಜ್ಜೆ ಹಾಕಿದ್ದೇನೋ ಇಲ್ಲವೋ, ಮಣ್ಣಿನ ಜೊತೆ ಆರ್‌ಸಿಸಿ ಕಂಬವೊಂದು ಉರುಳಿ ಬಂದು ಮಂಡಿಯ ಕೆಳಗೆ ಕೂತಿತು. ಹುಡುಗನ ಪಾದ ಕಲ್ಲಿಗೆ ಸಿಕ್ಕಿತ್ತು. ಆ ಕುಂಟು ಕಾಲಲ್ಲೇ ಅವನು ತೋಟದ ಮನೆಗೆ ಹೋಗಿ ಜನ ಕರೆದುಕೊಂಡು ಬಂದ. ಎರಡು ಬಿದಿರಿಗೆ ಗೋಣಿಚೀಲ ಕಟ್ಟಿ ನನ್ನನ್ನು ಹೊತ್ತರು. ತಾಲ್ಲೂಕು ಆಸ್ಪತ್ರೆ ತಲುಪುವಾಗ ಸಂಜೆ ಆಗಿತ್ತು.

ಮುಂದೆ ನಡೆದ ಮೂರು ವರ್ಷದ ಅಲೆದಾಟದ ಬೀಜ ಆ ಸಂಜೆಯೇ ಬಿತ್ತು ಅಂತ ಈಗ ಗೊತ್ತಾಗುತ್ತದೆ. ಹೊತ್ತು ತಂದವರು ತೋಟದವರು. ಏನಾಯ್ತು ಅಂತ ಕೇಳಿದಾಗ ‘ಗುಡ್ಡ ಕುಸಿದು ಕಾಲು ಮುರೀತು’ ಅಂದರು. ನಿಜವೇ ಅಲ್ವಾ? ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅಷ್ಟೇ ಬರೆದುಕೊಂಡರು. ನಾನು ಲೈನ್‌ಮನ್ ಅಂತಾಗಲಿ, ಡ್ಯೂಟಿಯಲ್ಲಿದ್ದೆ ಅಂತಾಗಲಿ ಒಂದಕ್ಷರ ಅಲ್ಲಿರಲಿಲ್ಲ. ನಾನು ನೋವಿನಲ್ಲಿದ್ದೆ, ನೋಡಲಿಲ್ಲ. ಈಗ ಯಾರಾದರೂ ಕೆಲಸದಲ್ಲಿ ಬಿದ್ದರು ಅಂತ ಗೊತ್ತಾದರೆ ನಾನು ಮೊದಲು ಹೇಳುವುದೇ ಇದು: ಜೊತೆಗೆ ಹೋದವರು ‘ಡ್ಯೂಟಿ ಮೇಲೆ ಇದ್ದಾಗ’ ಅನ್ನುವ ಮಾತನ್ನು ಬರೆಸಿ, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಪಕ್ಕಕ್ಕೆ ಸರಿಯಿರಿ.

ಮರುದಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಪ್ಲೇಟ್, ಸ್ಕ್ರೂ ಹಾಕಿದರು. ಹನ್ನೊಂದು ದಿನ ಅಲ್ಲಿದ್ದೆ.

ಮನೆಗೆ ಬಂದ ಮೇಲೆ ತಾಲ್ಲೂಕು ಕಚೇರಿಯಿಂದ 12,700 ರೂಪಾಯಿ ಖಾತೆಗೆ ಬಿತ್ತು. ಪ್ರಕೃತಿ ವಿಕೋಪದಲ್ಲಿ ಗಾಯವಾಗಿ ಒಂದು ವಾರಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿದ್ದವರಿಗೆ ಆಗ ರಾಜ್ಯ ವಿಪತ್ತು ಪರಿಹಾರ ನಿಧಿಯ (ಎಸ್‌ಡಿಆರ್‌ಎಫ್) ನಿಯಮದಲ್ಲಿ ಇದ್ದ ಮೊತ್ತ ಅದು. ಮಳೆಯಲ್ಲಿ ಗಾಯಗೊಂಡ ಯಾರಿಗಾದರೂ ಸಿಗುವಂಥದ್ದು. ಕಷ್ಟಕಾಲದಲ್ಲಿ ಕೈಗೆ ಬಂದ ಆ ದುಡ್ಡನ್ನು ನಾನು ಸಣ್ಣದು ಅನ್ನುವುದಿಲ್ಲ, ಒಂದು ತಿಂಗಳು ಮನೆ ನಡೆಯಿತು. ಆದರೆ ಅವತ್ತಿನಿಂದ ಯಾರ ಹತ್ತಿರ ಹೋದರೂ ಒಂದೇ ಮಾತು: ‘ಪರಿಹಾರ ಬಂತಲ್ಲ!’

ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ. ಸರ್ಕಾರ ಸಂತ್ರಸ್ತರಿಗೆ ಕೊಡುವುದೂ ಪರಿಹಾರ, ಕೆಲಸ ಕೊಟ್ಟವರು ಗಾಯಗೊಂಡ ನೌಕರನಿಗೆ ಕೊಡಬೇಕಾದದ್ದೂ ಪರಿಹಾರ. ಒಂದಕ್ಕೆ ತಹಶೀಲ್ದಾರರು, ಇನ್ನೊಂದಕ್ಕೆ ಮಾಲೀಕರು. ಒಂದು ಬಂದರೆ ಇನ್ನೊಂದು ಹೋಗುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೇ ಗೊತ್ತಿರಲಿಲ್ಲ. ನೌಕರರ ಸಂಘದ ಹಿರಿಯರೊಬ್ಬರು ಮನೆಗೆ ಬಂದು, ನನ್ನ ಮಂಚದ ತುದಿಯಲ್ಲಿ ಕೂತು ಬಿಡಿಸಿ ಹೇಳಿದರು. 1923ರ ಕಾಯ್ದೆ ಒಂದಿದೆ, ಮೊದಲು ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಅಂತಿತ್ತು, 2010ರಿಂದ ನೌಕರರ ಪರಿಹಾರ ಕಾಯ್ದೆ. ಇಎಸ್‌ಐ (ಕಾರ್ಮಿಕರ ವಿಮೆ) ಇಲ್ಲದ, ಅಪಾಯದ ಕೆಲಸ ಮಾಡುವವರ ಪಟ್ಟಿ ಅದರ ಕೊನೆಯಲ್ಲಿದೆ. ವಿದ್ಯುತ್ ತಂತಿ, ಕಂಬ ಹಾಕುವವರು, ದುರಸ್ತಿ ಮಾಡುವವರು ಆ ಪಟ್ಟಿಯಲ್ಲಿದ್ದಾರೆ. ಸರ್ಕಾರಿ ನಿಗಮ ಆದರೇನು, ಖಾಸಗಿ ಆದರೇನು, ಮಾಲೀಕ ಮಾಲೀಕನೇ.

‘ಎರಡು ವರ್ಷದ ಒಳಗೆ ಹಾಕ್ಬೇಕು ಕಣಪ್ಪ. ಮೊದ್ಲು ಆಫೀಸಿಗೆ ನೋಟಿಸ್ ಕೊಡು, ರಿಜಿಸ್ಟರ್ ಪೋಸ್ಟಲ್ಲಿ. ಯಾವ ಪೇಪರ್‌ಗೂ ಸುಮ್ನೆ ಸಹಿ ಹಾಕ್ಬೇಡ’ ಅಂದರು.

ಆ ಕೊನೆಯ ಮಾತು ಎಷ್ಟು ದೊಡ್ಡದು ಅಂತ ಎರಡು ತಿಂಗಳಲ್ಲಿ ಗೊತ್ತಾಯ್ತು. ಕಚೇರಿಯಿಂದ ಒಂದು ಕಾಗದ ಬಂತು. ಮಾನವೀಯ ನೆಲೆಯಲ್ಲಿ 50 ಸಾವಿರ ಕೊಡುತ್ತೇವೆ, ಇದರಿಂದ ನನ್ನ ಎಲ್ಲ ಹಕ್ಕು ತೀರಿತು ಅಂತ ಬರೆದುಕೊಡಬೇಕು. ತಂದವರು ಕೆಟ್ಟವರೇನಲ್ಲ. ಅವರಿಗೂ ನನಗೆ ಬೇಗ ಏನಾದರೂ ಸಿಗಲಿ ಅಂತಲೇ ಇತ್ತು. ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದಳು. ಅಂಗಡಿ ಸಾಲ, ಮಗಳ ಫೀಸು ಎಲ್ಲ ಅವಳ ತಲೆಯಲ್ಲಿ ಓಡುತ್ತಿತ್ತು. ನಾನು ಸಹಿ ಹಾಕಲಿಲ್ಲ. ಆಮೇಲೆ ತಿಳಿಯಿತು, ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಟ್ಟೆ ಅನ್ನುವ ಒಪ್ಪಂದಕ್ಕೆ ಬೆಲೆಯೇ ಇಲ್ಲ. ರಾಜಿ ಆಗುವುದಾದರೂ ಅದನ್ನು ಈ ಕಾಯ್ದೆಯ ಕೇಸು ಕೇಳುವ ಕಮಿಷನರ್ ಮುಂದೆ ನೋಂದಾಯಿಸಬೇಕು. ಆದರೂ ಸಹಿ ಬಿದ್ದಿದ್ದರೆ ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ವರ್ಷ ಹೋಗುತ್ತಿತ್ತು.

ರಜೆಯದ್ದೂ ಒಂದು ಕಥೆ. ನನ್ನ ಗಳಿಕೆ ರಜೆಯನ್ನೆಲ್ಲ ಕತ್ತರಿಸುತ್ತಾ ಹೋದರು. ಕೆಲಸದಲ್ಲಿ ಗಾಯ ಆದವರಿಗೆ ಬೇರೆಯೇ ರಜೆ ಇದೆ, ಕಚೇರಿಯವರು ಸ್ಪೆಷಲ್ ಡಿಸೆಬಿಲಿಟಿ ಲೀವ್ ಅನ್ನುತ್ತಾರೆ. ಕೇಳಿದವರಿಗೆ ಸಿಗುತ್ತದೆ, ಕೇಳದವರ ಖಾತೆಯಿಂದ ಗಳಿಕೆ ರಜೆ ಹೋಗುತ್ತದೆ. ನಾಲ್ಕನೇ ಅರ್ಜಿಗೆ ಅದು ಸರಿ ಆಯ್ತು.

ನೋಟಿಸಿಗೆ ಬಂದ ಉತ್ತರ ಒಂದು ಪುಟ. ಅದರ ಸಾರ ಮೂರು ಮಾತು. ಗುಡ್ಡ ಕುಸಿದದ್ದು ಪ್ರಕೃತಿ ವಿಕೋಪ, ವಿದ್ಯುತ್ ನಿಗಮದ ತಪ್ಪಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಕರ್ತವ್ಯದ ಉಲ್ಲೇಖ ಇಲ್ಲ. ಅಪಘಾತದ ಹೊತ್ತಿಗೆ ನೌಕರರು ಸುರಕ್ಷಾ ಬೆಲ್ಟ್ ಧರಿಸಿರಲಿಲ್ಲ.

ಕರೆಂಟ್ ಹೊಡೆದಿದ್ದರೆ ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡುತ್ತಿದ್ದರು, ವರದಿ ಬರೆಯುತ್ತಿದ್ದರು. ನನ್ನದು ಮಣ್ಣಿನ ಕೇಸು. ಬರೆಯುವವರೇ ಇರಲಿಲ್ಲ.

ಬೆಲ್ಟಿನ ಮಾತು ನನಗೆ ಬಹಳ ನೋವು ಕೊಟ್ಟಿತು. ಹದಿನಾರು ವರ್ಷ ನಾನು ಬೆಲ್ಟ್ ಇಲ್ಲದೆ ಕಂಬ ಹತ್ತಿದವನಲ್ಲ. ನೆಲದ ಮೇಲೆ ನಿಂತವನಿಗೆ ಯಾರು ಬೆಲ್ಟ್ ಕಟ್ಟುತ್ತಾರೆ? ವಕೀಲರು ಸಮಾಧಾನ ಹೇಳಿದರು. ಕಾಯ್ದೆಯಲ್ಲಿ ಆ ವಿನಾಯಿತಿ ಇದೆ ನಿಜ, ಆದರೆ ಕುಡಿದಿದ್ದರೆ, ಇಲ್ಲಾ ಬೇಕಂತಲೇ ಸುರಕ್ಷತೆಯ ನಿಯಮ ಮೀರಿ ಅದರಿಂದಲೇ ಗಾಯ ಆಗಿದ್ದರೆ ಮಾತ್ರ. ‘ಬೆಲ್ಟ್ ಕಟ್ಟಿಕೊಂಡಿದ್ದರೆ ಗುಡ್ಡ ನಿಲ್ಲುತ್ತಿತ್ತಾ ಅಂತ ನಾನು ಕೇಳ್ತೀನಿ ಬಿಡಿ’ ಅಂದರು.

ಪ್ರಕೃತಿ ವಿಕೋಪದ ಮಾತಿಗೂ ಅವರ ಹತ್ತಿರ ಉತ್ತರ ಇತ್ತು. ಈ ಕಾಯ್ದೆಯಲ್ಲಿ ಮಾಲೀಕರ ತಪ್ಪು ಹುಡುಕುವ ಕೆಲಸವೇ ಇಲ್ಲ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಗಾಯ ಆಯಿತಾ ಅನ್ನುವುದು ಪ್ರಶ್ನೆ. ಮಳೆ ಎಲ್ಲರ ಮೇಲೂ ಬಿತ್ತು. ಆದರೆ ಅವತ್ತು ಎಲ್ಲರಿಗೂ ಮನೆಯಿಂದ ಹೊರಗೆ ಬರಬೇಡಿ ಅಂತ ಹೇಳಿದ್ದರು, ನನಗೆ ಹೋಗಿ ಅಂತ ಹೇಳಿದ್ದರು. ಆ ಗುಡ್ಡದ ಬುಡಕ್ಕೆ ನನ್ನನ್ನು ಕಳಿಸಿದ್ದು ಕೆಲಸ. ಇದನ್ನು ತೋರಿಸಿದರೆ ಸಾಕು ಅಂದರು. ತೋರಿಸುವುದು ಹೇಗೆ?

ವಾಟ್ಸಾಪ್ ಮೆಸೇಜ್ ಇತ್ತು, ಆದರೆ ಫೋನ್ ಮಣ್ಣಿನಡಿ ಹೋಗಿತ್ತು. ಅದೇ ಗ್ರೂಪಿನಲ್ಲಿದ್ದ ಗೆಳೆಯನೊಬ್ಬ ತನ್ನ ಫೋನಿಂದ ಪ್ರಿಂಟ್ ತೆಗೆದುಕೊಟ್ಟ. ಅದಕ್ಕೆ ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕಿತ್ತು, ಅಂದರೆ ಇದು ನನ್ನ ಫೋನಿನದ್ದೇ, ತಿದ್ದಿಲ್ಲ ಅಂತ ಅವನೇ ಸಹಿ ಹಾಕಬೇಕಿತ್ತು. ಕೆಲಸದಲ್ಲಿ ಇದ್ದವನು ತನ್ನದೇ ಕಚೇರಿಯ ವಿರುದ್ಧದ ಕೇಸಿಗೆ ಸಹಿ ಹಾಕುವುದು ಸಣ್ಣ ಮಾತಲ್ಲ. ಅವನು ಹಾಕಿದ. ಆ ಋಣ ನನ್ನ ಮೇಲಿದೆ.

ಇನ್ನೊಂದು ಸಬ್‌ಸ್ಟೇಷನ್ನಿನ ಲಾಗ್ ಬುಕ್. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ದಿನದ ಪುಟದ ದೃಢೀಕೃತ ನಕಲು ತೆಗೆಸಿದೆ. ಅದು ಕೈಗೆ ಬಂದ ದಿನ ನಾನು ಅಂಚೆಯವನ ಎದುರೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಉದ್ದ ಗೆರೆಯ ಪುಟ. ಮಳೆಯಲ್ಲಿ ತೊಯ್ದ ಕೈಯಿಂದ ಯಾರೋ ಮುಟ್ಟಿ ಶಾಯಿ ಅಲ್ಲಲ್ಲಿ ಹರಡಿತ್ತು. 11.40ರ ಎದುರು ಫೀಡರಿನ ಹೆಸರು, ‘ಎಲ್‌ಸಿ ನೀಡಿದೆ’, ಪಕ್ಕದಲ್ಲಿ ನನ್ನ ಹೆಸರು. ನನ್ನ ಹೆಸರಿನ ಕೊನೆಯ ಅಕ್ಷರ ತಪ್ಪು ಬರೆದಿತ್ತು. ದಿಬ್ಬದ ಮೇಲಿನ ಫೋನಿನಲ್ಲಿ ಕಿರುಚಿದ ಹೆಸರು ಆಪರೇಟರಿಗೆ ಎಷ್ಟು ಕೇಳಿಸಿತೋ ಅಷ್ಟು. ಎಲ್‌ಸಿ ವಾಪಸ್ ಕೊಟ್ಟ ಸಮಯದ ಕಾಲಂ ಖಾಲಿ ಇತ್ತು. ಆ ಖಾಲಿ ಜಾಗವನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

2021ರ ಜನವರಿಯಲ್ಲಿ ಕೇಸು ಹಾಕಿದೆವು. ನಡುವೆ ಕೊರೋನಾ ಬಂದು ಒಂದು ವರ್ಷ ಹಾಗೇ ಹೋಗಿತ್ತು. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳೇ ಈ ಕಾಯ್ದೆಯ ಕಮಿಷನರ್ ಆಗಿದ್ದರಂತೆ. ನಾವು ಹಾಕುವ ಹೊತ್ತಿಗೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು ಆಗಿತ್ತು. ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತಿಲ್ಲ, ನಾವು ವಾಸ ಇರುವ ಕಡೆಯೂ ಹಾಕಬಹುದು. ಊರುಗೋಲಲ್ಲಿ ಓಡಾಡುವವನಿಗೆ ಅದೇ ದೊಡ್ಡ ಉಪಕಾರ.

ಕೋರ್ಟಿನಲ್ಲಿ ಜಾಸ್ತಿ ಹೊತ್ತು ತಗೊಂಡದ್ದು ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವ ಪರ್ಸೆಂಟೇಜ್. ಬೆರಳು ಹೋದರೆ, ಕೈ ಹೋದರೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇಷ್ಟು ಅಂತ ಬರೆದೇ ಇದೆ. ಹೆಬ್ಬೆರಳಿಗೆ ಶೇಕಡಾ 30, ಎರಡು ಬೆರಳಿಗೆ 20, ಹೀಗೆ. ನನ್ನಂತೆ ಕಾಲು ಇದ್ದೂ ಮಡಚಲು ಬಾರದವರಿಗೆ ಪಟ್ಟಿ ಇಲ್ಲ, ವೈದ್ಯರು ಬಂದು ಸಾಕ್ಷಿ ಹೇಳಬೇಕು. ನನ್ನ ವೈದ್ಯರು ಕಾಲಿಗೆ 36, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ 12 ಅಂದರು. ನಿಗಮದ ವಕೀಲರು ಎದ್ದು ನಿಂತು, ಇವರ ಸಂಬಳ ಒಂದು ರೂಪಾಯಿಯೂ ಕಡಿಮೆ ಆಗಿಲ್ಲ, ದುಡಿಯುವ ಶಕ್ತಿ ಎಲ್ಲಿ ಹೋಯಿತು ಅಂತ ಕೇಳಿದರು.

ಸಂಬಳ ಕಡಿಮೆ ಆಗದಿದ್ದದ್ದು ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಇದೆ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಕೆಳಗಿನ ಹುದ್ದೆಗೆ ಇಳಿಸುವ ಹಾಗಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ನನ್ನ ಪ್ರಮಾಣಪತ್ರ 36, ಅಂದರೆ ಹಲವು ಸವಲತ್ತಿಗೆ ಬೇಕಾದ 40ಕ್ಕೆ ನಾಲ್ಕು ಕಡಿಮೆ. ಆದರೆ ಈ ಸೆಕ್ಷನ್ನಿಗೆ 40ರ ಹಂಗಿಲ್ಲ. ಹಾಗಾಗಿ ನನ್ನನ್ನು ಸೆಕ್ಷನ್ ಆಫೀಸಿನ ದೂರಿನ ಮೇಜಿಗೆ ಹಾಕಿದ್ದರು.

ನನ್ನ ವಕೀಲರು 1975ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಿದರು. ಬಿದ್ದು ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಕೇಸು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನಿಗೆ ಪೂರ್ತಿ ನಷ್ಟ ಅಂತ ಆ ಕೋರ್ಟ್ ಹೇಳಿತ್ತು. ಪರಿಹಾರ ಕೊಡಬೇಕಾದ ಬಾಧ್ಯತೆ ಅಪಘಾತದ ದಿನವೇ ಹುಟ್ಟುತ್ತದೆ ಅಂತಲೂ ಅದರಲ್ಲೇ ಇದೆ. ಆ ಬಡಗಿ ಯಾರೋ, ನಾನು ನೋಡಿದವನಲ್ಲ. ನಾನು ಹುಟ್ಟುವ ಮೊದಲೇ ಕೋರ್ಟಿನ ಮೆಟ್ಟಿಲು ಹತ್ತಿ ನನಗೆ ದಾರಿ ಮಾಡಿಟ್ಟಿದ್ದ. ಅವತ್ತು ಕಟಕಟೆಯ ಹತ್ತಿರ ನಿಂತು ಅವನಿಗೆ ಮನಸ್ಸಲ್ಲೇ ಕೈ ಮುಗಿದೆ.

ನ್ಯಾಯಾಧೀಶರು ನನ್ನನ್ನೇ ಕೇಳಿದರು, ‘ಕಂಬ ಹತ್ತೋಕೆ ಆಗುತ್ತಾ?’ ಇಲ್ಲ ಸ್ವಾಮಿ ಅಂದೆ. ಮಂಡಿ ಎಷ್ಟು ಮಡಚುತ್ತದೆ ಅಂತ ತೋರಿಸಿದೆ. ಹದಿನಾರು ವರ್ಷ ಕಲಿತ ಕೆಲಸ ಅದೊಂದೇ ಅಂತಲೂ ಹೇಳಿದೆ. ಇದ್ದಕ್ಕಿದ್ದಂತೆ ಗಂಟಲು ಕಟ್ಟಿತು.

ತೀರ್ಪಿನಲ್ಲಿ ದುಡಿಯುವ ಶಕ್ತಿಯ ನಷ್ಟ ಶೇಕಡಾ 25 ಅಂತ ಹಿಡಿದರು. ಲೆಕ್ಕ ಹೀಗಿದೆ. ತಿಂಗಳ ಸಂಬಳದ ಶೇಕಡಾ 60, ಅದಕ್ಕೆ ವಯಸ್ಸಿಗೆ ತಕ್ಕಂತೆ ಕಾಯ್ದೆಯಲ್ಲಿ ಕೊಟ್ಟ ಅಂಶದಿಂದ ಗುಣಾಕಾರ. ಅಪಘಾತದ ದಿನ ನನಗೆ 40 ವರ್ಷ, ಆ ವಯಸ್ಸಿಗೆ ಅಂಶ 184.17. ಸಂಬಳ ಮಾತ್ರ ನನ್ನ ನಿಜವಾದ 31 ಸಾವಿರ ಅಲ್ಲ. ಕೇಂದ್ರ ಸರ್ಕಾರ ಗೊತ್ತು ಮಾಡಿದ ಮಿತಿ ಆಗ 8,000. ಅದರ 60 ಅಂದರೆ 4,800. ಗುಣಿಸಿದರೆ 8,84,016. ಅದರಲ್ಲಿ ಕಾಲು ಭಾಗ, 2,21,004.

ಆ ಮಿತಿಯನ್ನು 2020ರ ಜನವರಿ 3ರಂದು 15,000ಕ್ಕೆ ಏರಿಸಿದರು. ನನ್ನ ಅಪಘಾತ ಅದಕ್ಕಿಂತ ಐದು ತಿಂಗಳು ಮೊದಲು. ಅದೇ ಕಾಲು, ಅದೇ ಕಂಬ ಐದು ತಿಂಗಳು ತಡವಾಗಿ ಆಗಿದ್ದರೆ 4 ಲಕ್ಷ 14 ಸಾವಿರ ಚಿಲ್ಲರೆ ಬರುತ್ತಿತ್ತು. 2010ರಿಂದ ಹತ್ತು ವರ್ಷ ಎಂಟು ಸಾವಿರದಲ್ಲೇ ಬಿಟ್ಟಿದ್ದರು. ಆ ಹತ್ತು ವರ್ಷದಲ್ಲಿ ಕೈಕಾಲು ಕಳೆದುಕೊಂಡವರೆಲ್ಲರಿಗೂ ಹೀಗೇ ಆಗಿದೆ. ಇದು ಸರಿಯಲ್ಲ. ಬೆಲೆ ಏರಿದಂತೆ ಈ ಮಿತಿಯೂ ವರ್ಷವರ್ಷ ಏರಬೇಕು.

ಬಡ್ಡಿ ಸಿಕ್ಕಿತು. ಅಪಘಾತ ಆಗಿ ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12. 2022ರ ನವೆಂಬರ್‌ನಲ್ಲಿ ದುಡ್ಡು ಕೋರ್ಟಿಗೆ ಕಟ್ಟುವಾಗ ಅದು ಹತ್ತಿರ ಹತ್ತಿರ 84 ಸಾವಿರ ಆಗಿತ್ತು. ತಡಮಾಡಿದ್ದಕ್ಕೆ ಪರಿಹಾರದ ಅರ್ಧದವರೆಗೆ ದಂಡ ಹಾಕಲೂ ಅವಕಾಶ ಇದೆ, ಹಾಕಲಿಲ್ಲ. ಆಸ್ಪತ್ರೆ ಖರ್ಚಿಗೆ ಈ ಕಾಯ್ದೆಯಲ್ಲಿ ಮಿತಿ ಇಲ್ಲ, ಆದ ಖರ್ಚು ಪೂರ್ತಿ ಕೊಡಬೇಕು. ಆದರೆ ಬಿಲ್ ಇರಬೇಕು. ಕಚೇರಿಯಿಂದ ಮೊದಲೇ ಬಂದದ್ದು ಕಳೆದು ಉಳಿದ 74 ಸಾವಿರದಲ್ಲಿ 61 ಸಾವಿರ ಸಿಕ್ಕಿತು. ಉಳಿದದ್ದು ಜೀಪಿನ ಬಾಡಿಗೆ, ಬಿಲ್ ಇಲ್ಲದ ಔಷಧಿ. ನನ್ನ ಹೆಂಡತಿ ಬಿಲ್ಲುಗಳನ್ನು ಕಲಶದ ತಟ್ಟೆಯ ಕೆಳಗೆ ಇಡುತ್ತಿದ್ದಳು. ಅವಳು ಹಾಗೆ ಇಟ್ಟದ್ದಕ್ಕೆ ಅಷ್ಟಾದರೂ ಬಂತು.

ಈಗ ಕೇಸು ಹಾಕುವವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಕಾಯ್ದೆ ಅದರೊಳಗೆ ಸೇರಿದೆ. ಹಳೇ ಸೆಕ್ಷನ್ ನಂಬರ್ ಹಿಡಿದುಕೊಂಡು ಹೋಗಬೇಡಿ, ವಕೀಲರ ಹತ್ತಿರ ಕೇಳಿ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನೂ ಅದರಲ್ಲಿ ಸೇರಿಸಿದ್ದಾರೆ. ಮಳೆಗಾಲದಲ್ಲಿ ಘಟ್ಟ ಹತ್ತಿ ಇಳಿಯುವ ನಮ್ಮಂಥವರಿಗೆ ಅದು ಸಣ್ಣದಲ್ಲ.

ಆ ಹುಡುಗನ ಕಥೆ ಬಾಕಿ ಇದೆ. ಅವನ ಪಾದದ ಎರಡು ಬೆರಳು ಹೋದವು. ಗುತ್ತಿಗೆದಾರರು ಆಸ್ಪತ್ರೆಗೆ ಸ್ವಲ್ಪ ಕೊಟ್ಟು ಕೈ ತೊಳೆದುಕೊಂಡರು. ಗುತ್ತಿಗೆ ಕೆಲಸಗಾರನೂ ಮೂಲ ಮಾಲೀಕರಿಂದಲೇ ಪರಿಹಾರ ಕೇಳಬಹುದು, 12ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು. ನಮ್ಮ ವಕೀಲರು ಅವನದ್ದೂ ಹಾಕಿದರು. ಆದರೆ ಲಾಗ್ ಬುಕ್ಕಿನಲ್ಲಿ ಅವನ ಹೆಸರಿರಲಿಲ್ಲ. ಎಲ್‌ಸಿ ತಗೊಂಡವನ ಹೆಸರು ಮಾತ್ರ ಬರೆಯುತ್ತಾರೆ. ಹಾಜರಿ ಪುಸ್ತಕ ಗುತ್ತಿಗೆದಾರರ ಹತ್ತಿರ, ಅದು ಸಿಗಲಿಲ್ಲ. ಅವನು ಅಲ್ಲಿದ್ದ ಅನ್ನುವುದಕ್ಕೆ ನಾನೇ ಸಾಕ್ಷಿ ಹೇಳಿದೆ. ಎದುರು ವಕೀಲರು, ನೀವು ಸ್ನೇಹಿತರಲ್ವಾ ಅಂದರು. ಫೋನ್ ಎತ್ತಿ ಹಿಡಿದು ದಿಬ್ಬದ ಮೇಲೆ ನಿಂತವನು ಅವನೇ ಸ್ವಾಮಿ, ಅವನಿಲ್ಲದಿದ್ದರೆ ನನ್ನ ಹೆಸರೂ ಅಲ್ಲಿ ಇರುತ್ತಿರಲಿಲ್ಲ ಅಂದೆ. ಅವನಿಗೂ ಆದೇಶ ಆಯ್ತು, ನನಗಿಂತ ಒಂದು ವರ್ಷ ತಡವಾಗಿ.

ಈಗ ಮಳೆಗಾಲದ ಬೆಳಗ್ಗೆ ನಾನು ದೂರಿನ ಮೇಜಿನಲ್ಲಿ ಕೂತಿರುತ್ತೇನೆ. ಹುಡುಗರು ರೇನ್‌ಕೋಟ್ ಹಾಕಿಕೊಂಡು, ಏಣಿ ಹೊತ್ತು ಹೊರಡುವಾಗ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಯಾವ ಫೀಡರ್, ಯಾರು ಕಳಿಸಿದ್ದು, ಯಾರ್‍ಯಾರು ಹೋಗ್ತಿದ್ದೀರಿ? ‘ತಡ ಆಯ್ತು ಅಣ್ಣ, ಬಿಡಿ’ ಅನ್ನುತ್ತಾರೆ. ಬಿಡುವುದಿಲ್ಲ. ಗುತ್ತಿಗೆಯವರ ಹೆಸರನ್ನು ಅವರ ಬಾಯಿಂದಲೇ ಕೇಳಿ, ಅಕ್ಷರ ತಪ್ಪಿಲ್ಲದೆ ಬರೆದುಕೊಂಡು, ಎದುರಿಗೆ ಗಂಟೆ ಹಾಕುತ್ತೇನೆ. ವಾಪಸ್ ಬಂದ ಸಮಯದ ಕಾಲಂ ತುಂಬುವವರೆಗೆ ನಾನು ಮನೆಗೆ ಹೋಗುವುದಿಲ್ಲ.